ಬೋಲ್ಟಿನ ಮರೆಯಲ್ಲಿ

ಹೋದ ತಿಂಗಳ ಎರಡು ಶನಿವಾರ ಒಂದೇ ಒಂದು ಬೋಲ್ಟು ಬಿಚ್ಚೋದರಲ್ಲಿ ಕಳೆದುಹೋಯ್ತು ಅಂದ್ರೆ ನಂಬ್ತೀರಾ? ನನ್ನ ಹೆಂಡತಿ ನಂಬಲಿಲ್ಲ. "ಇಂಜಿನಿಯರಿಂಗ್ ಓದಿದೀನಿ ಅಂತೀಯ, ಒಂದು ಬೋಲ್ಟು ಬಿಚ್ಚೋಕೆ ಎರಡು ವಾರ ಬೇಕಾ?" ಅಂದಳು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಎರಡು ಕಬ್ಬಿಣದ ತುಂಡು ಅರದಲ್ಲಿ ಉಜ್ಜಿದ್ದು ಬಿಟ್ರೆ ಲೋಹ ಮುಟ್ಟಿದವನೇ ಅಲ್ಲ. ಆದರೆ ಈ ಬೋಲ್ಟು ಯಾಕೆ ಅಷ್ಟು ಕಾಟ ಕೊಡ್ತು ಅಂತ ಹುಡುಕುತ್ತಾ ಹೋದ ಹಾಗೆ ನೂರು ವರ್ಷದ ಒಂದು ಜಗಳ ಸಿಕ್ಕಿತು. ಅದನ್ನು ಹೇಳದೇ ಇರೋಕೆ ಆಗ್ತಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದಾರೆ. ಎಪ್ಪತ್ತನಾಲ್ಕು ವಯಸ್ಸು, ಒಬ್ಬರೇ. ದಿನದ ಓಡಾಟಕ್ಕೆ ಒಂದು ಜಪಾನಿ ಕಾರು, ಗ್ಯಾರೇಜಿನ ಒಳಗೆ ಹೊದಿಕೆ ಹೊದ್ದು ಮಲಗಿರುವ 1971ರ ಎಂಜಿಬಿ ಜಿಟಿ. ಈ ಕಾರು ಹುಟ್ಟಿದ ಅಬಿಂಗ್ಡನ್ ಊರು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ನಲವತ್ತು ವರ್ಷ ದಾಟಿದ ಹಳೇ ಕಾರುಗಳಿಗೆ, ದೊಡ್ಡ ಬದಲಾವಣೆ ಮಾಡಿರದಿದ್ದರೆ, ಇಲ್ಲಿ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆ 2018ರಿಂದ ಕಡ್ಡಾಯವಲ್ಲ. ತಾತ ಮಾತ್ರ ಬಿಡದೆ ಮಾಡಿಸ್ತಾರೆ. ಈ ಸಲ ತಪಾಸಣೆ ಮಾಡಿದವನು ಬಲ ಹಿಂಭಾಗದ ಸ್ಪ್ರಿಂಗಿನ ಮುಂದಿನ ತುದಿ ಅಲ್ಲಾಡ್ತಿದೆ ಅಂತ ಬರೆದು ಕೊಟ್ಟಿದ್ದ. ಎರಡೂ ಕಡೆ ಬೋಲ್ಟು ಬದಲಾಯಿಸಬೇಕು, ಕೆಳಗೆ ಮಲಗೋಕೆ ನನ್ನ ಬೆನ್ನು ಕೇಳಲ್ಲ, ಬರ್ತೀಯಾ ಅಂತ ನನ್ನನ್ನ ಕೇಳಿದರು.

ಇಲ್ಲಿ ಸ್ಪ್ರಿಂಗ್ ಅಂದ್ರೆ ಸುರುಳಿಯಲ್ಲ, ಲೀಫ್ ಸ್ಪ್ರಿಂಗ್. ನಮ್ಮ ಲಾರಿ ಬಸ್ಸುಗಳ ಹಿಂಚಕ್ರದ ಹತ್ತಿರ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರ್ತಾರಲ್ಲ, ಅದೇ. ನಮ್ಮ ಕಡೆ ಕಮಾನು ಪಟ್ಟಿ ಅಂತಾರೆ, ಪ್ಲೇಟು ಅಂತಲೂ ಅಂತಾರೆ. ಕುದುರೆಗಾಡಿಗಳ ಕಾಲದ ಸಾಮಾನು. ಅದನ್ನು ಒಂದು ಸ್ಪೋರ್ಟ್ಸ್ ಕಾರಿಗೆ ಹಾಕಿದ್ದಾರೆ ಅನ್ನೋದೇ ನನಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಗೊತ್ತಾಗಿದ್ದು, ಈ ಪಟ್ಟಿ ಬರೀ ಭಾರ ಹೊರೋದಲ್ಲ. ಎಂಜಿಬಿಯಲ್ಲಿ ಹಿಂದಿನ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರೋದೂ ಇದೇ. ಚಕ್ರ ತಳ್ಳಿದ ಬಲ, ಬ್ರೇಕು ಒತ್ತಿದಾಗ ಎಳೆದ ಬಲ, ಎಲ್ಲವೂ ಪಟ್ಟಿಯ ಮುಂದಿನ ಕಣ್ಣಿನಲ್ಲಿರುವ ಒಂದು ಬೋಲ್ಟಿನ ಮೂಲಕವೇ ಕಾರಿನ ಮೈಗೆ ಹೋಗಬೇಕು. ಎಡಕ್ಕೊಂದು, ಬಲಕ್ಕೊಂದು. ಅದು ಕೈಕೊಟ್ಟರೆ ಆಕ್ಸಲ್ ಓರೆಯಾಗಿ ಕಾರು ತಾನೇ ದಾರಿ ಹಿಡಿಯುತ್ತೆ. ಈ ಜೋಡಣೆಗೆ 'ಹಾಚ್‌ಕಿಸ್ ಡ್ರೈವ್' ಅಂತ ಹೆಸರು. ಹಾಚ್‌ಕಿಸ್ ಅನ್ನೋದು ಫ್ರಾನ್ಸಿನ ಒಂದು ಕಂಪನಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತೆ.

ಕಾರಿನ ಕೆಳಗೆ ಹೋಗೋಕೆ ನನಗೆ ಭಯ. ಅದಕ್ಕೆ ಕಾರಣ ಇದೆ. ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು, ಡೀಸೆಲ್ಲಿನದು. ನಾನಾಗ ಮೂರನೇ ಕ್ಲಾಸೋ ನಾಲ್ಕನೆಯದೋ. ಒಂದು ಮದುವೆ ಬಾಡಿಗೆಗೆ ಹೋಗಿ ಬರುವಾಗ ಹಿಂದಿನ ಪ್ಲೇಟು ಕಟ್ ಆಯ್ತು. ಮನೆ ಮುಂದೆಯೇ ಜ್ಯಾಕ್ ಕೊಟ್ಟು, ಪಕ್ಕಕ್ಕೆ ಎರಡು ಸೈಜುಗಲ್ಲು ಒಂದರ ಮೇಲೊಂದು ಇಟ್ಟು, ಕೆಳಗೆ ಕೈ ಹಾಕಿದ್ದರು. ಜ್ಯಾಕ್ ಮಣ್ಣಿನಲ್ಲಿ ಒಂದು ಬದಿಗೆ ವಾಲಿತು, ಭಾರವೆಲ್ಲ ಕಲ್ಲಿನ ಮೇಲೆ ಬಿತ್ತು, ಮೇಲಿನ ಕಲ್ಲು ಎರಡು ಹೋಳಾಯ್ತು. ಎಡಗೈಯ ಎರಡು ಬೆರಳಿನ ತುದಿ ಹೋಯ್ತು. ಆ ಶಬ್ದ ನನಗೆ ಈಗಲೂ ಕೇಳಿಸುತ್ತೆ, ಅದೇನು ದೊಡ್ಡ ಶಬ್ದ ಅಲ್ಲ, ತೆಂಗಿನಕಾಯಿ ಒಡೆದ ಹಾಗೆ. ದೊಡ್ಡಪ್ಪ ಇವತ್ತಿಗೂ ಜ್ಯಾಕನ್ನೇ ಬೈತಾರೆ, ಕಲ್ಲಿನ ಮಾತು ಎತ್ತಲ್ಲ. ಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕುಗಳ ಗುಣವೇ ಅದು. ಕಬ್ಬಿಣದ ಹಾಗೆ ಬಾಗಿ ಎಚ್ಚರಿಕೆ ಕೊಡಲ್ಲ, ಒಮ್ಮೆಗೇ ಒಡೆಯುತ್ತೆ.

ತಾತನ ಪದ್ಧತಿ ಬೇರೆ. ಕಾರು ಮಟ್ಟಸವಾದ ಕಾಂಕ್ರೀಟಿನ ಮೇಲೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಬೆಣೆ. ಹ್ಯಾಂಡ್‌ಬ್ರೇಕ್ ಹಾಕಿದೆಯಲ್ಲ ಅಂದೆ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ, ನಾವು ಎತ್ತೋದೂ ಅವನ್ನೇ, ಗಾಳಿಯಲ್ಲಿರೋ ಚಕ್ರ ಹಿಡಿದು ಏನು ಪ್ರಯೋಜನ ಅಂದರು! ಹೌದಲ್ಲ ಅನ್ನಿಸಿತು. ಜ್ಯಾಕು ಎತ್ತೋಕೆ ಮಾತ್ರ. ಕಾರಿನ ಮೈ ನಿಲ್ಲೋದು ಎರಡು ಉಕ್ಕಿನ ಸ್ಟ್ಯಾಂಡಿನ ಮೇಲೆ, ಅದೂ ಸ್ಪ್ರಿಂಗಿನ ಮುಂದಿನ ಕಣ್ಣಿಗಿಂತ ಇನ್ನೂ ಮುಂದೆ ಇರುವ ಗಟ್ಟಿ ಭಾಗದಲ್ಲಿ. ಆಕ್ಸಲಿನ ಕೆಳಗೆ ಇನ್ನೊಂದು ಜ್ಯಾಕು, ಅದು ಆಕ್ಸಲಿನ ತೂಕ ಮಾತ್ರ ಹೊರಬೇಕು, ಕಾರನ್ನಲ್ಲ. ಇಲ್ಲದಿದ್ದರೆ ಆಕ್ಸಲ್ ಹೋಗಿ ಬ್ರೇಕಿನ ರಬ್ಬರ್ ಪೈಪಿಗೆ ಜೋತು ಬೀಳುತ್ತೆ. ಬಿಚ್ಚಿದ ಚಕ್ರಗಳನ್ನು ಎರಡೂ ಬದಿ ಕಾರಿನ ಅಡಿಗೆ ಮಲಗಿಸಿದರು, ಏನೇ ಬಿದ್ದರೂ ಮನುಷ್ಯನ ಎದೆಯಷ್ಟು ಜಾಗ ಉಳಿಯಲಿ ಅಂತ. ಕೊನೆಗೆ ಕಾರಿಗೆ ಹೆಗಲು ಕೊಟ್ಟು ಜೋರಾಗಿ ಅಲ್ಲಾಡಿಸಿದರು. ಬೀಳೋದಿದ್ದರೆ ನಾವು ಹೊರಗಿದ್ದಾಗಲೇ ಬೀಳಲಿ ಅನ್ನೋದು ಲೆಕ್ಕ.

ಎಡಗಡೆಯ ಬೋಲ್ಟು ಇಪ್ಪತ್ತು ನಿಮಿಷದಲ್ಲಿ ಬಂತು. ಆಕ್ಸಲಿನ ಜ್ಯಾಕನ್ನ ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡ್ತಾ ಇದ್ದರೆ ಒಂದು ಹಂತದಲ್ಲಿ ಪಟ್ಟಿಯ ಬಿಗಿತ ಹೋಗಿ ಬೋಲ್ಟು ಕೈಯಲ್ಲೇ ಜಾರಿತು. ಆ ಕಡೆಯದನ್ನು ಪೂರ್ತಿ ಮುಗಿಸಿಯೇ ಬಲಕ್ಕೆ ಹೋದೆವು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಆಕ್ಸಲಿಗೆ ಹೇಳೋರು ಕೇಳೋರು ಇರಲ್ಲ.

ಬಲಗಡೆಯದು ಬರಲೇ ಇಲ್ಲ. ನಟ್ಟು ಬಂತು, ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಾನಾ ಹಾಕಿ ತಿರುಗಿಸಿದರೆ ಕಾಲು ಸುತ್ತು ತಿರುಗುತ್ತೆ, ಪಾನಾ ಬಿಟ್ಟ ತಕ್ಷಣ ವಾಪಸ್ ಬರುತ್ತೆ! ನನಗೆ ದೆವ್ವ ಮೆಟ್ಟಿದ ಹಾಗಾಯ್ತು. ತಾತ ನಕ್ಕರು. ಕಣ್ಣಿನ ಒಳಗೆ ರಬ್ಬರಿನ ಬುಷ್ ಇದೆ, ಅದರ ನಡುವೆ ಒಂದು ಉಕ್ಕಿನ ಕೊಳವೆ, ಬೋಲ್ಟು ಆ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿದೆ, ನಾವು ತಿರುಗಿಸ್ತಿರೋದು ರಬ್ಬರನ್ನ. ಸುತ್ತಿಗೆಯಲ್ಲಿ ಹೊಡೆದರೂ ರಬ್ಬರು ನುಂಗಿಕೊಳ್ಳುತ್ತೆ. ಬೆಂಕಿ ತೋರಿಸೋಣ್ವಾ ಅಂದೆ. ಪೆಟ್ರೋಲ್ ಟ್ಯಾಂಕು ಡಿಕ್ಕಿಯ ಕೆಳಗೆ, ಪೆಟ್ರೋಲ್ ಪಂಪು ಬಲ ಹಿಂಚಕ್ರದ ಹತ್ತಿರವೇ. ತಾತ ಉತ್ತರ ಕೊಡದೆ ಬೆರಳು ತೋರಿಸಿದರು ಅಷ್ಟೆ. ಕಿಡಿ ಹಾರೋ ಗ್ರೈಂಡರ್ ಕೂಡ ಬೇಡ. ವಾರವಿಡೀ ಸಂಜೆ ಎಣ್ಣೆ ಬಿಟ್ಟೆವು. ಎರಡನೇ ಶನಿವಾರ ಕನ್ನಡಕ ಹಾಕಿಕೊಂಡು, ಕಣ್ಣಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಗರಗಸ ಇಟ್ಟು ಎರಡೂ ಕಡೆ ಕೊಯ್ದೆ. ಎರಡೂವರೆ ಗಂಟೆ.

ಕೊಯ್ದ ತುಂಡಿನ ತಲೆ ನನ್ನ ಅಂಗೈಗೆ ಬಿತ್ತು. ಒರೆಸಿ ನೋಡಿದರೆ ಅದರ ಮೇಲೆ 8.8 ಅಂತ ಅಚ್ಚು. ತಾತನಿಗೆ ಕೊಟ್ಟೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ.

8.8 ಅಂದ್ರೆ ಅದು ಮೆಟ್ರಿಕ್ ಬೋಲ್ಟು. ಎಡಗಡೆ ಬಿಚ್ಚಿದ್ದು ಇಂಚಿನದು. ಯಾವಾಗಲೋ ಯಾವುದೋ ಗ್ಯಾರೇಜಿನಲ್ಲಿ, 90ರ ದಶಕದಲ್ಲಿರಬೇಕು ಅಂತಾರೆ ತಾತ, ಕೈಗೆ ಸಿಕ್ಕ ಹತ್ತಿರದ ಅಳತೆಯದನ್ನು ತುರುಕಿ ಕಳಿಸಿದ್ದಾರೆ. ಉಕ್ಕು ಕೆಟ್ಟದ್ದೇನಲ್ಲ, 8.8 ಒಳ್ಳೇ ದರ್ಜೆ. ಆದರೆ ತೂತಿಗಿಂತ ಒಂದೆಳೆ ಸಣ್ಣ. ಆ ಒಂದೆಳೆ ಸಂದಿನಲ್ಲಿ ಸಾವಿರಾರು ಮೈಲಿ ಟಕಟಕ ಬಡಿದು ಬೋಲ್ಟಿನ ನಡು ಸವೆದು ಡಮರುವಿನ ಹಾಗೆ ಆಗಿತ್ತು. ಆಮೇಲೆ ಆ ಸಂದಿಗೆ ತುಕ್ಕು ಕೂತು ಅಂಟಿಕೊಂಡಿತು. ಹೆಂಡತಿ ಬದುಕಿದ್ದಾಗ ಇದೇ ಕಾರಿನಲ್ಲಿ ಸ್ಕಾಟ್ಲೆಂಡಿಗೆ ಎರಡು ಸಲ ಹೋಗಿದ್ದೆವು ಅಂದರು. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ.

ನಾನೂ ಅದೇ ತಪ್ಪು ಮಾಡುವವನಿದ್ದೆ, ಒಪ್ಪಿಕೊಳ್ತೀನಿ. ಹಿಂದಿನ ವಾರವೇ ಆನ್‌ಲೈನಿನಲ್ಲಿ ಫಳಫಳ ಹೊಳೆಯೋ ಸ್ಟೇನ್‌ಲೆಸ್ ಸ್ಟೀಲಿನ ಎಂ12 ಬೋಲ್ಟುಗಳನ್ನು ನೋಡಿ ತಾತನಿಗೆ ತೋರಿಸಿದ್ದೆ. ತುಕ್ಕು ಹಿಡಿಯಲ್ಲ ಅಂತ. ಸಾಮಾನ್ಯ ಎ2-70 ಸ್ಟೇನ್‌ಲೆಸ್ಸಿನ ಕರ್ಷಣ ಬಲ 700 ಮೆಗಾಪಾಸ್ಕಲ್, 8.8ರದ್ದು 800. ಹೊಳಪಿಗೂ ಬಲಕ್ಕೂ ಸಂಬಂಧ ಇಲ್ಲ. ಅಳತೆ ಅಂತೂ ಮೊದಲೇ ತಪ್ಪು. ಅರ್ಧ ಇಂಚು, ನಮ್ಮ ಬಡಗಿಗಳ ಲೆಕ್ಕದಲ್ಲಿ ನಾಲ್ಕು ಸೂತು, ಅಂದ್ರೆ 12.7 ಮಿಲಿಮೀಟರ್. ಎಂ12 ಅಂದ್ರೆ 12. ಇನ್ನೂ ಅಪಾಯದ ವಿಷಯ ಥ್ರೆಡ್ಡಿನದು. ನಮ್ಮ ಕಡೆ ಗ್ಯಾರೇಜಿನಲ್ಲಿ ಇದಕ್ಕೆ 'ಮರೆ' ಅಂತಾರೆ, ಮರೆ ಸವೆದಿದೆ, ಮರೆ ಹೋಗಿದೆ ಅಂತ. ಅರ್ಧ ಇಂಚಿನ ಯುಎನ್ಎಫ್ ಬೋಲ್ಟಿಗೆ ಇಂಚಿಗೆ 20 ಮರೆ. ಸಣ್ಣ ಮರೆಯ ಎಂ12ಕ್ಕೆ 1.25 ಮಿ.ಮೀ.ಗೆ ಒಂದು, ಅಂದ್ರೆ ಇಂಚಿಗೆ 20.3. ಹೆಚ್ಚುಕಮ್ಮಿ ಒಂದೇ! ಹಾಗಾಗಿ ಇಂಚಿನ ನಟ್ಟು ಮೆಟ್ರಿಕ್ ಬೋಲ್ಟಿನ ಮೇಲೆ ಸಲೀಸಾಗಿ ಏರುತ್ತೆ. ಏನೋ ಸ್ವಲ್ಪ ಲೂಸು, ಇರ್ಲಿ ಬಿಡು ಅನ್ನಿಸುತ್ತೆ. ಹಿಡಿದಿರೋದು ಮರೆಯ ತುದಿಗಳು ಮಾತ್ರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಂಪೈಲ್ ಆಗುತ್ತೆ, ಟೆಸ್ಟೂ ಪಾಸಾಗುತ್ತೆ, ಪ್ರೊಡಕ್ಷನ್‌ನಲ್ಲಿ ಹೋಗುತ್ತೆ :)

ಈಗ ಜಗಳದ ಕಥೆ. 19ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಪ್ರತಿ ಕಾರ್ಖಾನೆಗೂ ಅದರದ್ದೇ ಮರೆ. ಒಂದು ಬೋಲ್ಟಿಗೆ ಅದರ ಜೊತೆ ಹುಟ್ಟಿದ ನಟ್ಟೇ ಬೇಕು, ಗಂಡ ಹೆಂಡಿರ ಹಾಗೆ. ಜೋಸೆಫ್ ವಿಟ್‌ವರ್ತ್ ಅನ್ನುವ ಮ್ಯಾಂಚೆಸ್ಟರಿನ ಇಂಜಿನಿಯರ್ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ಕಲೆಹಾಕಿ, ಅಳೆದು, ಸರಾಸರಿ ತೆಗೆದು 1841ರಲ್ಲಿ ಒಂದು ಪಟ್ಟಿ ಮಂಡಿಸಿದ. ಮರೆಯ ಕೋನ 55 ಡಿಗ್ರಿ, ತುದಿ ಮತ್ತು ಬುಡ ದುಂಡಗೆ. ಇದೇ ವಿಟ್‌ವರ್ತ್ ಅದಕ್ಕೆ ಮುಂಚೆ ಲಂಡನ್ನಿನಲ್ಲಿ ಜೋಸೆಫ್ ಕ್ಲೆಮೆಂಟನ ಕಾರ್ಯಾಗಾರದಲ್ಲಿ ಕೆಲಸ ಮಾಡಿದ್ದ. ಚಾರ್ಲ್ಸ್ ಬ್ಯಾಬೇಜನ ಡಿಫರೆನ್ಸ್ ಇಂಜಿನ್ ತಯಾರಾಗ್ತಿದ್ದ ಜಾಗ ಅದು! ಕಂಪ್ಯೂಟರ್ ಸೈನ್ಸಿನ ಮೊದಲ ಪಾಠದಲ್ಲಿ ನಾವೆಲ್ಲ ಹೆಸರು ಬಾಯಿಪಾಠ ಮಾಡಿ ಮರೆತ ಬ್ಯಾಬೇಜ್ ಕಾರಿನ ಕೆಳಗೆ ಸಿಗ್ತಾನೆ ಅಂತ ನಾನೇನು ಕನಸು ಕಂಡಿದ್ನಾ?

ಅಮೆರಿಕದವರಿಗೆ ದುಂಡು ತುದಿ ಸರಿಬರಲಿಲ್ಲ. ಅದನ್ನು ಕೊರೆಯೋಕೆ ನುರಿತ ಕೈ ಬೇಕು. 1864ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ವಿಲಿಯಂ ಸೆಲರ್ಸ್ ಬೇರೆ ಪಟ್ಟಿ ಮಂಡಿಸಿದ. ಕೋನ 60 ಡಿಗ್ರಿ, ತುದಿ ಚಪ್ಪಟೆ, ಮಾಡೋಕೆ ಸುಲಭ. ಇಂಚಿಗೆಷ್ಟು ಮರೆ ಅನ್ನೋದು ಬಹುತೇಕ ವಿಟ್‌ವರ್ತನ ಹಾಗೇ ಇತ್ತು. ಆದರೆ ನಮ್ಮ ಅರ್ಧ ಇಂಚಿನದಕ್ಕೆ ಮಾತ್ರ ವಿಟ್‌ವರ್ತನದು 12, ಸೆಲರ್ಸನದು 13. ಒಂದೇ ಭಾಷೆ ಆಡುವ ಎರಡು ದೇಶಗಳ ನಟ್ಟು ಬೋಲ್ಟು ಬೇರೆಯಾದವು. ಎಂಬತ್ತು ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಳ್ಳುವ ಹಾಗೆ ಮಾಡಿದ್ದು ಎರಡನೇ ಮಹಾಯುದ್ಧ. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಇಂಜಿನ್ನುಗಳನ್ನು ರೋಲ್ಸ್ ರಾಯ್ಸ್ ಒಂದೇ ಮಾಡಿ ಪೂರೈಸೋಕೆ ಆಗ್ತಿರಲಿಲ್ಲ. 1940ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರು ಕಂಪನಿ ಕೆಲಸ ವಹಿಸಿಕೊಂಡಿತು. ನಕ್ಷೆ ಬಂದು ನೋಡಿದರೆ ಮರೆಯೆಲ್ಲ ಬ್ರಿಟಿಷ್ ಅಳತೆ. ಅದನ್ನು ಕೊರೆಯುವ ಉಪಕರಣ ಅಲ್ಲಿ ಸಿಗದೆ ಪ್ಯಾಕಾರ್ಡಿನವರು ತಾವೇ ಮಾಡಿಕೊಳ್ಳಬೇಕಾಯ್ತು. ಹಾಗೆ ಮಾಡಿಯೇ 55 ಸಾವಿರಕ್ಕೂ ಹೆಚ್ಚು ಇಂಜಿನ್ ಕಟ್ಟಿದರು ಅನ್ನೋದು ಬೇರೆ ಮಾತು. ಯುದ್ಧದ ನಡುವೆಯೇ ಮಾತುಕತೆ ಶುರುವಾಗಿ, 1948ರ ನವೆಂಬರ್ 18ರಂದು ವಾಷಿಂಗ್ಟನ್ನಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂವರೂ ಸಹಿ ಹಾಕಿದರು. ಹೆಸರು ಯೂನಿಫೈಡ್ ಥ್ರೆಡ್. ಅದರ ಸಣ್ಣ ಮರೆಯ ಜಾತಿಯೇ ಯುಎನ್ಎಫ್. ಕೋನ ಅಮೆರಿಕದ 60 ಡಿಗ್ರಿಯೇ ಉಳಿಯಿತು. ವಿಟ್‌ವರ್ತನ 55 ಸೋತಿತು. ಗೊಂದಲ ಆಗದಿರಲಿ ಅಂತ ಬ್ರಿಟನ್ನಿನಲ್ಲಿ ಹೊಸ ಬೋಲ್ಟುಗಳ ತಲೆಯಲ್ಲಿ ದುಂಡನೆಯ ಗುಳಿಯನ್ನೋ, ಪಕ್ಕದಲ್ಲಿ ಒಂದಕ್ಕೊಂದು ತಾಗಿದ ಸಣ್ಣ ಸೊನ್ನೆಗಳನ್ನೋ ಅಚ್ಚು ಹಾಕ್ತಿದ್ದರು.

ಇದಕ್ಕೂ ಮುಂಚಿನ ಎಂಜಿ ಕಾರುಗಳ ಪಾಡು ಕೇಳಿದರೆ ನಗು ಬರುತ್ತೆ. ಎಂಜಿ ಅಂದ್ರೆ ಮಾರಿಸ್ ಗರಾಜಸ್, ವಿಲಿಯಂ ಮಾರಿಸನ ಆಕ್ಸ್‌ಫರ್ಡಿನ ಅಂಗಡಿ. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ ಮಾರಿಸ್ ಕಾರುಗಳಿಗೆ ಹೊಸ ಮೈ ಕಟ್ಟಿ ಮಾರುತ್ತಾ ಎಂಜಿ ಹುಟ್ಟಿಸಿದ. 1929ರಲ್ಲಿ ಅದು ಅಬಿಂಗ್ಡನ್ನಿಗೆ ಬಂತು. ಇಂಜಿನ್ ಬರ್ತಿದ್ದದ್ದು ಮಾರಿಸನದೇ ಕಾವೆಂಟ್ರಿ ಕಾರ್ಖಾನೆಯಿಂದ. ಆ ಕಾರ್ಖಾನೆ ಮೂಲತಃ ಯಾರದ್ದು? ಹಾಚ್‌ಕಿಸ್! ಮೊದಲ ಮಹಾಯುದ್ಧದಲ್ಲಿ ಮೆಷಿನ್ ಗನ್ ಮಾಡೋಕೆ ಫ್ರೆಂಚರು ಅಲ್ಲಿ ಕಟ್ಟಿದ್ದು, 1923ರಲ್ಲಿ ಮಾರಿಸ್ ಕೊಂಡುಕೊಂಡ. ಯಂತ್ರಗಳೆಲ್ಲ ಫ್ರೆಂಚ್ ಮಾದರಿ, ಕೊರೆಯೋದು ಮೆಟ್ರಿಕ್ ಮರೆ. ಹೊಸ ಯಂತ್ರಕ್ಕೆ ದುಡ್ಡು ಯಾಕೆ ಅಂತ ಮರೆ ಮೆಟ್ರಿಕ್ಕೇ ಇರಲಿ ಅಂದರು. ಆದರೆ ಇಂಗ್ಲಿಷ್ ಮೆಕ್ಯಾನಿಕ್ಕುಗಳ ಹತ್ತಿರ ಇರೋದು ವಿಟ್‌ವರ್ತ್ ಪಾನಾ ತಾನೇ? ಸರಿ, ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು! 1945ರಿಂದ 1949ರವರೆಗೆ ಬಂದ ಎಂಜಿ ಟಿಸಿಯ ಇಂಜಿನ್ನಿನಲ್ಲೂ ಇದೇ ವೇಷ. ಸಾಲದ್ದಕ್ಕೆ 'ಅರ್ಧ ಇಂಚು' ಅಂತ ಬರೆದ ವಿಟ್‌ವರ್ತ್ ಪಾನಾದ ಬಾಯಿ ಅರ್ಧ ಇಂಚಲ್ಲ, ಮುಕ್ಕಾಲಿಗೂ ಜಾಸ್ತಿ. ಬರೆದಿರೋದು ಬೋಲ್ಟಿನ ದಪ್ಪ, ಬಾಯಿಯ ಅಗಲ ಅಲ್ಲ. ಇಂಥ ಲೆಗಸಿ ಕೋಡು ನಾನು ಆಫೀಸಿನಲ್ಲೂ ನೋಡಿಲ್ಲ.

ಎಂಜಿಬಿ ಬಂದದ್ದು 1962ರಲ್ಲಿ, ಸಿಡ್ ಎನೆವರ್ ನೇತೃತ್ವದಲ್ಲಿ ವಿನ್ಯಾಸ ಆದದ್ದು. ಅಷ್ಟು ಹೊತ್ತಿಗೆ ಯುಎನ್ಎಫ್ ಬೇರೂರಿತ್ತು. 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿ ಅರ್ಧಕ್ಕಿಂತ ಜಾಸ್ತಿ ಅಮೆರಿಕಕ್ಕೆ ಹೋದವು. ಅಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಅದರ ನಟ್ಟು ಸಿಗುವಂತಾದದ್ದು 1948ರ ಸಹಿಯಿಂದ. ಇತ್ತ ಬ್ರಿಟನ್ 1965ರಲ್ಲಿ ಮೆಟ್ರಿಕ್ ಆಗ್ತೀವಿ ಅಂತ ಘೋಷಿಸಿತು. ಊರ ತುಂಬ ಮೆಟ್ರಿಕ್ ಬೋಲ್ಟು ಬಂದವು, ಎಂಜಿಬಿ ಮಾತ್ರ ಕೊನೆಯವರೆಗೂ ಇಂಚಿನದಾಗೇ ಉಳಿಯಿತು. ತಾತನ ಕಾರಿನ ಬಲಗಡೆಯ 8.8 ನುಸುಳಿದ್ದು ಆ ಎರಡರ ನಡುವಿನ ಸಂದಿಯಲ್ಲೇ.

ದೊಡ್ಡಪ್ಪನ ಅಂಬಾಸಿಡರ್ ಇದಕ್ಕೆ ದಾಯಾದಿ ಅಂತ ನನಗೆ ಹೇಳಿದ್ದೂ ತಾತನೇ. ಅದೇ ಮಾರಿಸನ ಕಂಪನಿಯ ಆಕ್ಸ್‌ಫರ್ಡ್ ಸೀರೀಸ್ 3, ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕೈಯಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ಬಾಳಿತು. 1959ರಲ್ಲಿ ಅದಕ್ಕೆ ಬಂದ 1489 ಸಿಸಿ ಬಿ-ಸೀರೀಸ್ ಇಂಜಿನ್ನೇ 1955ರ ಎಂಜಿಎ ಕಾರಿನಲ್ಲೂ ಇದ್ದದ್ದು. ಎಂಜಿಬಿಯ 1798 ಸಿಸಿ ಅದನ್ನೇ ದೊಡ್ಡದು ಮಾಡಿದ್ದು. ಹಿಂದಿನ ಕಮಾನು ಪಟ್ಟಿ ಎರಡಕ್ಕೂ ಇದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಕಾಯ್ದೆ 1956ರಲ್ಲೇ ಬಂದರೂ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಇಂಚಿನ ಪಾನಾಗಳೇ ತುಂಬಿದ್ದು ಯಾಕೆ ಅಂತ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಹೊಸ ಬೋಲ್ಟು ಯುಎನ್ಎಫ್ ತರಿಸಿದೆವು, ತಲೆಯ ಮೇಲೆ ಮೂರು ಗೀಟಿನ ಗ್ರೇಡ್ 5. ಬುಷ್ಷೂ ಹೊಸದು, ಯು-ಬೋಲ್ಟುಗಳೂ ಹೊಸವು. ಕೊಳವೆಗೆ ತೆಳ್ಳಗೆ ಗ್ರೀಸು ಸವರಿದೆವು, ಮುಂದಿನವರು ಗರಗಸ ಹಿಡಿಯದಿರಲಿ ಅಂತ. ಕೊನೆಯ ಬಿಗಿ ಹಿಡಿಯೋಕೆ ಹೋದೆ, ತಾತ ತಡೆದರು. ಕಾರು ಗಾಳಿಯಲ್ಲಿದ್ದಾಗ ಬಿಗಿ ಮಾಡಿದರೆ ರಬ್ಬರು ಆ ಭಂಗಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಕೆಳಗಿಳಿಸಿದ ತಕ್ಷಣ ತಿರುಚಿ ಬೇಗ ಹರಿಯುತ್ತೆ. ಚಕ್ರ ಹಾಕಿ, ಇಳಿಸಿ, ಭಾರ ನೆಲಕ್ಕೆ ಬಂದ ಮೇಲೆ ಬದಿಯಿಂದ ಕೈ ತೂರಿಸಿ ಬಿಗಿ ಮಾಡಿದೆ.

ಮಾರನೇ ದಿನ ಅಬಿಂಗ್ಡನ್ನಿಗೆ ಹೋಗಿ ಬಂದೆವು. ಕಾರ್ಖಾನೆ ಈಗಿಲ್ಲ. 1979ರ ಸೆಪ್ಟೆಂಬರಿನಲ್ಲಿ ಎಂಜಿ ಆ ಊರಿಗೆ ಬಂದು ಐವತ್ತು ವರ್ಷವಾದ ಸಂಭ್ರಮ ಮುಗಿದ ಬೆನ್ನಿಗೇ, 10ರ ಸೋಮವಾರ ಮುಚ್ಚುವ ಸುದ್ದಿ ಬಂತು, ಮುಂದಿನ ವರ್ಷ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಹತ್ತಿರದಲ್ಲೇ ಸೆಮೆಟರಿ ರೋಡಿನಲ್ಲಿ ಎಂಜಿ ಕಾರ್ ಕ್ಲಬ್ಬಿನ ಕಚೇರಿ ಇದೆ, ಕಿಂಬರನ ಹೆಸರಿನ ಮನೆ. ಬ್ರೇಕು ಒತ್ತಿದಾಗ ಹಿಂದಿನಿಂದ ಬರ್ತಿದ್ದ ಟಕ್ ಅನ್ನೋ ಸದ್ದು ಹೋಗಿತ್ತು. ಆ ಸದ್ದು ಕಾರಿನ ವಯಸ್ಸಿನದು ಅಂದ್ಕೊಂಡಿದ್ದೆ ಅಂದರು ತಾತ.

ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಅವರು ಕಾರು ನೋಡಲಿಲ್ಲ, ಸ್ಟ್ಯಾಂಡು ನೋಡಿದರು. "ಅದೆಷ್ಟು ಬೀಳುತ್ತೆ ಅಲ್ಲಿ?" ಅಂತ ಕೇಳಿದರು. ಜೋಡಿಗೆ ಮೂವತ್ತು ಪೌಂಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೂರು ಮೈಲಿ ಓಡಿಸಿದ ಮೇಲೆ ಯು-ಬೋಲ್ಟು ಇನ್ನೊಂದ್ಸಲ ನೋಡು, ಹೊಸ ಬೋಲ್ಟು ಕೂರೋಕೆ ಟೈಮ್ ಬೇಕು ಅಂದರು. ನಿನ್ನೆ ನೋಡಿದೆ. ನಾಲ್ಕು ನಟ್ಟು ಅರ್ಧರ್ಧ ಸುತ್ತು ಹಿಡಿದವು.